ದೀಪ ಹಚ್ಚಿದ ಮೇಲೆ ಹೆಪ್ಪು

ಕಲ್ಲುಕಟ್ಟೆಕೊಪ್ಪಲು
ಹೊಣಕೆರೆ ಅಂಚೆ, ನಾಗಮಂಗಲ ತಾಲ್ಲೂಕು
11 ಜುಲೈ 1996

ರಘುನಂದನ್ ಸಾರ್ ಅವರಿಗೆ ದಿಲ್ಷಾದಳ ವಂದನೆಗಳು.

ನಿಮ್ಮ ನೆರಳು ಪ್ರತಿಷ್ಠಾನ ಆರು ತಿಂಗಳಿಗೆಂದು ಹಣ ಕೊಟ್ಟಿತ್ತು, ಅದರಲ್ಲಿ ಐದು ತಿಂಗಳು ಮುಗಿದವು. ಹೆಂಡತಿಯರಿಗೆ ಬೀಳುವ ಏಟನ್ನು ಹಳ್ಳಿಯೊಳಗೇ ತಡೆಯುವ ದಾರಿ ಏನಾದರೂ ಇದೆಯೇ ನೋಡಿ ಬಾ ಎಂದು ನನ್ನನ್ನು ಕಳಿಸಿದಿರಿ. ನಾಲ್ಕು ತಿಂಗಳು ನನಗೆ ಸಿಕ್ಕಿದ್ದು ಒಂದೇ ಗಾದೆ: ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಯಜಮಾನರೂ ಅದನ್ನೇ ಹೇಳಿದರು, ಮೇಷ್ಟರೂ ಅದನ್ನೇ ಹೇಳಿದರು. ನನ್ನ ಪಟ್ಟಿಯಲ್ಲಿ ಒಂಬತ್ತನೇ ನಂಬರಿನ ಹೆಂಗಸೊಬ್ಬಳಿದ್ದಾಳೆ. ಅವಳಿಗೆ ಈ ಗಾದೆ ಹೇಳಿದೆ. ಅವಳು ರಾಗಿ ಕೇರುವುದನ್ನು ನಿಲ್ಲಿಸದೆ, "ನಮ್ಮನೇಲಿ ಉಂಡ್ ಮ್ಯಾಲೇ ಸುರುವಾಗದು ಮೇಡಮ್ಮ" ಎಂದಳು.

ಈಗ ಸಿಕ್ಕಿರುವುದನ್ನು ಹೇಳುತ್ತೇನೆ. ಈ ಕೊಪ್ಪಲಿನಲ್ಲಿ ಎರಡು ಬೀದಿ. ಎರಡರಲ್ಲೂ ಅದೇ ಜನ, ಅದೇ ಹೊಲ, ಅದೇ ಸಾರಾಯಿ. ಆದರೆ ಕೆಳಗಿನ ಬೀದಿಯಲ್ಲಿ ಏಟು ಕಡಿಮೆ, ಬಿದ್ದರೂ ಬೇಗ ನಿಲ್ಲುತ್ತದೆ. ಯಾಕೆ ಎಂದು ಕೇಳಿ ಕೇಳಿ ಸಾಕಾಗಿತ್ತು. ಹೋದ ವಾರ ಕಣ್ಣಾರೆ ಕಂಡೆ. ದೀಪ ಹಚ್ಚಿದ ಹೊತ್ತಿನಲ್ಲಿ ಒಂದು ಮನೆಯಲ್ಲಿ ಗಲಾಟೆ ಶುರುವಾಯಿತು. ಪಕ್ಕದ ಮನೆಯವಳು ಬಟ್ಟಲು ಹಿಡಿದು ಹೋಗಿ ಬಾಗಿಲಲ್ಲಿ ನಿಂತು, "ಒಸಿ ಎಪ್ಪು ಇದ್ರೆ ಕೊಡಕ್ಕ" ಎಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರ ಕೈಯಲ್ಲೂ ಬಟ್ಟಲು. ದೀಪ ಹಚ್ಚಿದ ಮೇಲೆ ನಮ್ಮ ಕಡೆ ಹೆಪ್ಪು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ, ಮನೆಯ ಲಕ್ಷ್ಮಿ ಹೋಗುತ್ತಾಳೆಂದು. ಇವರಿಗೆ ಹೆಪ್ಪು ಬೇಕಿಲ್ಲ ಎಂದು ಆ ಗಂಡಸಿಗೂ ಗೊತ್ತು. ಆದರೆ ಹೆಪ್ಪು ಕೇಳಲು ಬಂದವರನ್ನು ಬೈದು ಅಟ್ಟುವ ಧೈರ್ಯ ಯಾವ ಗಂಡಸಿಗೂ ಇಲ್ಲ. ಅವನು ಎತ್ತಿದ ಕೈ ಇಳಿಸಿ, ಬೀಡಿ ಹುಡುಕುತ್ತಾ ಹಿತ್ತಲಿಗೆ ಹೋದ.

ಇದು ಎಷ್ಟು ವರ್ಷದಿಂದ ನಡೆದಿದೆ, ಮೇಲಿನ ಬೀದಿಗೆ ಯಾಕೆ ಹಬ್ಬಲಿಲ್ಲ, ಕೆ.ಆರ್. ಪೇಟೆ ಕಡೆಯ ಊರುಗಳಿಗೂ ಕಲಿಸಲು ಆಗುತ್ತದೆಯೇ ನೋಡಬೇಕು. ಇನ್ನೊಂದು ವರ್ಷ ಹಣ ಕೊಡಿಸಿ. ನನ್ನ ಬಾಡಿಗೆ ಕೋಣೆಗೆ ಮಾತ್ರ ಇದುವರೆಗೆ ಯಾರೂ ಹೆಪ್ಪು ಕೇಳಿಕೊಂಡು ಬಂದಿಲ್ಲ. ಸಾಬರ ಮನೆಯ ಹೆಪ್ಪು ಯಾರಿಗೆ ಬೇಕು?

ಒಂದು ವಿಷಯ ಮರೆಯಬೇಡಿ. ನನಗೆ ಬರೆಯುವಾಗ ಕವರಿನಲ್ಲೇ ಬರೆಯಿರಿ. ಇಲ್ಲಿ ಟಪಾಲೆಲ್ಲ ಹಾಲಿನ ಡೈರಿಗೆ ಬರುತ್ತದೆ. ಕಾರ್ಡು ಬಂದರೆ ಸೆಕ್ರೆಟರಿ ಬೋರಯ್ಯನವರು ಗಟ್ಟಿಯಾಗಿ ಓದಿ ಹೇಳುತ್ತಾರೆ. ಅರ್ಧ ಊರಿಗೆ ಓದು ಬಾರದು, ಆದ್ದರಿಂದ ಅದು ಇಲ್ಲಿ ಉಪಕಾರ.

ದಿಲ್ಷಾದ್


ನೆರಳು ಪ್ರತಿಷ್ಠಾನ, ಬೆಂಗಳೂರು
24 ಜುಲೈ 1996

ಕುಮಾರಿ ದಿಲ್ಷಾದ್ ಅವರಿಗೆ,

ತಮ್ಮ ಪತ್ರ ತಲುಪಿದೆ. ಹೆಪ್ಪಿನ ಪ್ರಸಂಗ ಸ್ವಾರಸ್ಯವಾಗಿದೆ. ಆದರೆ ಸ್ವಾರಸ್ಯ ನಂಬಿಕೊಂಡು ಸಮಿತಿ ಹಣ ಬಿಡುಗಡೆ ಮಾಡುವುದಿಲ್ಲ.

ತಾವು ಮಾತನಾಡಿಸಿರುವ ನಲವತ್ತೊಂದು ಹೆಂಗಸರನ್ನೂ ನಂಬರಿನಲ್ಲೇ ಬರೆದಿದ್ದೀರಿ. ಹೆಸರು, ಗಂಡನ ಹೆಸರು, ವಿಳಾಸ ಇರುವ ಪಟ್ಟಿ ಬೇಕು. ಹೋದ ವರ್ಷ ಬೇರೊಂದು ಜಿಲ್ಲೆಯಲ್ಲಿ ಒಬ್ಬರು ಕೂತಲ್ಲೇ ಅರವತ್ತು ಹೆಂಗಸರನ್ನು ಹುಟ್ಟಿಸಿ ವರದಿ ಬರೆದಿದ್ದರು. ಅಂದಿನಿಂದ ಪಟ್ಟಿಯಿಲ್ಲದೆ ಯಾವ ಯೋಜನೆಯೂ ಮುಂದುವರಿಯಕೂಡದೆಂದು ತೀರ್ಮಾನವಾಗಿದೆ.

ಇನ್ನೊಂದು ಪ್ರಶ್ನೆ. ಒಳಗಿನಿಂದ ಚಿಲಕ ಹಾಕಿದ್ದರೆ ಹೆಪ್ಪು ಕೇಳಲು ಹೋದವರು ಏನು ಮಾಡುತ್ತಾರೆ? ಇದಕ್ಕೆ ಉತ್ತರ ಬರೆಯಿರಿ.

ರಘುನಂದನ್
ಯೋಜನಾಧಿಕಾರಿ


ಕಲ್ಲುಕಟ್ಟೆಕೊಪ್ಪಲು
2 ಆಗಸ್ಟ್ 1996

ಸಾರ್,

ಪಟ್ಟಿ ಕಳಿಸಲಾಗುವುದಿಲ್ಲ. ಕಾರಣ ಕೇಳಿ.

ಒಂಬತ್ತನೇ ನಂಬರಿನವಳು ಎರಡು ತಿಂಗಳು ನನ್ನ ಜೊತೆ ಮಳೆ ಬೆಳೆ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಒಂದು ದಿನ ಹಾಲಿನ ಕ್ಯಾನು ಕೆಳಗಿಟ್ಟು, "ನನ್ ಎಸ್ರು ಕಾಗ್ದುಕ್ ಓಗಲ್ಲ ಅಂತ ಆಲು ಮುಟ್ಟಿ ಏಳಿ" ಎಂದಳು. ಹಾಲಿನಲ್ಲಿ ಬೆರಳದ್ದಿ ಆಣೆ ಮಾಡಿದೆ. ಆಮೇಲೆ ಬೆನ್ನು ತೋರಿಸಿದಳು. ಅವಳ ಗಂಡ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಗಾಡಿಯವನು. ಅವನ ಕೈಯಲ್ಲಿರುವ ಬಾರುಕೋಲು ಎತ್ತಿಗೆ ಮಾತ್ರ ಅಲ್ಲ. ಅವಳು ಬಾಯಿ ಬಿಟ್ಟ ಮೇಲೆ ಉಳಿದ ನಲವತ್ತು ಜನ ಬಿಟ್ಟರು. ಆ ಒಂದು ಆಣೆಯ ಮೇಲೆ ನನ್ನ ಕೆಲಸವೆಲ್ಲ ನಿಂತಿದೆ. ಹೆಸರು ಹೊರಗೆ ಹೋದರೆ ಅವನು ಅವಳನ್ನು ಉಳಿಸುವುದಿಲ್ಲ. ಇದನ್ನು ಬೆದರಿಸಲು ಬರೆಯುತ್ತಿಲ್ಲ.

ನಾನು ಹೆಂಗಸರನ್ನು ಹುಟ್ಟಿಸಿ ಬರೆಯುತ್ತಿದ್ದೇನೆಂಬ ಅನುಮಾನವಿದ್ದರೆ ಬನ್ನಿ. ಬೆಳ್ಳೂರು ಕ್ರಾಸಿನಲ್ಲಿ ಇಳಿದರೆ ಅಲ್ಲೇ ನಮ್ಮ ಅಬ್ಬಾ ಅತಾವುಲ್ಲಾ ಅವರ ಲಾರಿ ಪಂಚರ್ ಅಂಗಡಿ ಇದೆ. ಅವರೇ ಇಲ್ಲಿಗೆ ಕರೆತರುತ್ತಾರೆ.

ಇನ್ನು ನಿಮ್ಮ ಚಿಲಕ. ಬೆಂಗಳೂರಿನಲ್ಲಿ ಕೂತವರಿಗೆ ಇಂಥ ಜಾಣ ಪ್ರಶ್ನೆಗಳು ಹೊಳೆಯುತ್ತವೆ. ಇಲ್ಲಿ ಮುಸ್ಸಂಜೆಯಲ್ಲಿ ಬೀದಿ ಬಾಗಿಲಿಗೆ ಯಾರೂ ಚಿಲಕ ಹಾಕುವುದಿಲ್ಲ ಸಾರ್. ನೀವು ಹಳ್ಳಿ ಕಂಡವರಲ್ಲವೆಂದು ಕಾಣುತ್ತದೆ.

ದಿಲ್ಷಾದ್


ಬೆಂಗಳೂರು
14 ಆಗಸ್ಟ್ 1996

ಕುಮಾರಿ ದಿಲ್ಷಾದ್ ಅವರಿಗೆ,

ಆಗಸ್ಟ್ ಮೂವತ್ತೊಂದರ ಒಳಗೆ ಪಟ್ಟಿ ಬಾರದಿದ್ದರೆ ಯೋಜನೆ ಮುಕ್ತಾಯವಾಗುತ್ತದೆ. ಇದು ನನ್ನ ತೀರ್ಮಾನವಲ್ಲ, ಡೈರೆಕ್ಟರರದು. ಅಲ್ಲಿಗೆ ತಮ್ಮ ಆಣೆ ಉಳಿಯುತ್ತದೆ, ಕೆಲಸ ಉಳಿಯುವುದಿಲ್ಲ. ಇಷ್ಟು ದೂರ ಬಂದ ಹೆಂಗಸರಿಗೆ ತಾವು ಏನು ಹೇಳಿ ಎದ್ದು ಬರುತ್ತೀರಿ, ಯೋಚಿಸಿ.

ಪಟ್ಟಿಯನ್ನು ನನ್ನ ಹೆಸರಿಗೇ ರಿಜಿಸ್ಟರ್ ಮಾಡಿ ಕಳಿಸಿ. ನನ್ನ ಮೇಜಿನ ಡ್ರಾಯರಿಗೆ ಬೀಗವಿದೆ. ನನ್ನ ಹೊರತು ಬೇರೆ ಕಣ್ಣು ಅದರ ಮೇಲೆ ಬೀಳುವುದಿಲ್ಲ. ಮಾತು ಕೊಡುತ್ತೇನೆ.

ಚಿಲಕದ ಪ್ರಶ್ನೆಯನ್ನು ಹಿಂತೆಗೆದುಕೊಂಡಿದ್ದೇನೆ.

ರಘುನಂದನ್


ಕಲ್ಲುಕಟ್ಟೆಕೊಪ್ಪಲು
26 ಆಗಸ್ಟ್ 1996

ಸಾರ್,

ಪಟ್ಟಿ ಇದರ ಜೊತೆಗಿದೆ. ನಲವತ್ತೊಂದು ಹೆಸರನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಒಂಬತ್ತನೆಯದನ್ನು ಎರಡು ಸಲ ಬಿಟ್ಟು ಮೂರನೇ ಸಲ ಬರೆದೆ. ಹೆಂಗಸರಿಗೆ ಹೇಳಿಲ್ಲ, ಹೇಳುವ ಮುಖ ನನಗಿಲ್ಲ. ನಿಮ್ಮ ಮಾತು ನಂಬಿದ್ದೇನೆ. ಓದಿದ ಮೇಲೆ ಹರಿದುಹಾಕಿ.

ದಿಲ್ಷಾದ್


ಬೆಂಗಳೂರು
20 ಸೆಪ್ಟೆಂಬರ್ 1996

ದಿಲ್ಷಾದ್ ಅವರಿಗೆ,

ಸಂತೋಷದ ಸುದ್ದಿ. ಸಮಿತಿ ಒಂದು ವರ್ಷಕ್ಕೆ ಹಣ ಮಂಜೂರು ಮಾಡಿದೆ. ಹೆಪ್ಪಿನ ವಿಷಯ ಓದಿದಾಗ ಒಬ್ಬ ಸದಸ್ಯೆ ಕನ್ನಡಕ ತೆಗೆದು ಒರೆಸಿಕೊಂಡರು. ಡೈರೆಕ್ಟರರೂ ತುಂಬ ಮೆಚ್ಚಿದ್ದಾರೆ. ಹೆಂಗಸರಿಗೆ ಪ್ರತಿಷ್ಠಾನದ ಕಡೆಯಿಂದ ಏನಾದರೂ ಮಾಡಬೇಕೆಂದು ಅವರಿಗೆ ಮನಸ್ಸಿದೆ. ಸೆಪ್ಟೆಂಬರಿನ ವರದಿ ಕಳಿಸುವುದನ್ನು ಮರೆಯಬೇಡಿ.

ರಘುನಂದನ್


ಬೆಂಗಳೂರು
25 ಅಕ್ಟೋಬರ್ 1996

ದಿಲ್ಷಾದ್ ಅವರಿಗೆ,

ಸೆಪ್ಟೆಂಬರಿನ ವರದಿ ಬಂದಿಲ್ಲ. ಎರಡು ಕಾಗದ ಬರೆದೆ, ಉತ್ತರವಿಲ್ಲ. ಹಣ ಮಂಜೂರಾದ ಕೂಡಲೇ ಕೆಲಸ ಸಡಿಲವಾಗುವುದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ತಮ್ಮಿಂದ ನಿರೀಕ್ಷಿಸಿರಲಿಲ್ಲ. ಮರುಟಪಾಲಿನಲ್ಲಿ ಕಾರಣ ಬರೆಯಿರಿ.

ರಘುನಂದನ್


ಕಲ್ಲುಕಟ್ಟೆಕೊಪ್ಪಲು
31 ಅಕ್ಟೋಬರ್ 1996

ರಘುನಂದನ್ ಅವರಿಗೆ,

ಕಾರಣ ಕೇಳಿದ್ದೀರಿ. ಬರೆಯುತ್ತೇನೆ.

ಅಕ್ಟೋಬರ್ ಒಂಬತ್ತನೇ ತಾರೀಖು ಬುಧವಾರ ಬೆಳಿಗ್ಗೆ ಡೈರಿಗೆ ನಿಮ್ಮ ಪ್ರತಿಷ್ಠಾನದಿಂದ ಅಚ್ಚು ಹಾಕಿಸಿದ ಕಾರ್ಡುಗಳು ಬಂದವು. ಕವರಲ್ಲ, ಕಾರ್ಡು. ನಮ್ಮ ಕೊಪ್ಪಲಿಗೇ ಹದಿಮೂರು, ಎಲ್ಲವೂ ಕೆಳಗಿನ ಬೀದಿಗೆ. ಹೆಂಗಸರ ಹೆಸರಿಗೆ ಬೆಂಗಳೂರಿನಿಂದ ಕಾಗದ ಬಂದದ್ದು ಈ ಊರಿನಲ್ಲಿ ಅದೇ ಮೊದಲು. ಬೋರಯ್ಯನವರಿಗೆ ಹೆಮ್ಮೆ. ಹಾಲು ಅಳೆಯುವುದನ್ನು ನಿಲ್ಲಿಸಿ, ಎಲ್ಲರನ್ನೂ ಸುಮ್ಮನಿರಿಸಿ, ಒಬ್ಬೊಬ್ಬಳ ಹೆಸರನ್ನೂ ಇಂಥವನ ಹೆಂಡತಿ ಎಂದು ಕೂಗಿ ಓದಿದರು. "ಗಂಡನ ದೌರ್ಜನ್ಯದ ಬಗ್ಗೆ ನಮ್ಮ ಅಧ್ಯಯನಕ್ಕೆ ಧೈರ್ಯವಾಗಿ ಮಾಹಿತಿ ನೀಡಿದ ತಮಗೆ ಕೃತಜ್ಞತೆಗಳು." ಮೂರನೆಯದನ್ನು ಓದುವಾಗ ಅವರಿಗೇ ದನಿ ಇಳಿಯಿತಂತೆ. ಅಷ್ಟರಲ್ಲಿ ಒಂಬತ್ತನೇ ನಂಬರಿನವಳ ಹೆಸರು ಹೋಗಿಯಾಗಿತ್ತು. ಅವಳ ಗಂಡ ಅಲ್ಲೇ ಗಾಡಿಗೆ ಎಣ್ಣೆ ಬಿಡುತ್ತಿದ್ದ.

ನಾನು ಅಂದು ನಾಗಮಂಗಲದಲ್ಲಿದ್ದೆ. ನನ್ನ ತಮ್ಮ ಜಾಹಿದನಿಗೆ ಹೆಣ್ಣು ನೋಡುವ ಮಾತುಕತೆ, ಬಿರಿಯಾನಿ ಬಡಿಸುತ್ತಿದ್ದೆ. ಇದೂ ಮುಂದಿನದೂ ಆಮೇಲೆ ಬೋರಯ್ಯನವರಿಂದ ಕೇಳಿದ್ದು.

ಅವನು ಹಗಲೆಲ್ಲ ಏನೂ ಮಾಡಲಿಲ್ಲ. ಸಂಜೆ ಒಳಗೆ ಹೋಗಿ ಚಿಲಕ ಹಾಕಿದ. ನಿಮ್ಮ ಚಿಲಕ ಸಾರ್. ಹೆಂಗಸರು ಸಂಜೆಯ ಹಾಲು ಹೊತ್ತು ಡೈರಿಗೆ ಹೊರಟಿದ್ದರು. ಸದ್ದು ಕೇಳಿ ಬಾಗಿಲಿಗೆ ಹೋದರು. ಕೈಯಲ್ಲಿ ಬಟ್ಟಲಿರಲಿಲ್ಲ, ಆದರೂ ಹೆಪ್ಪು ಕೊಡು ಎಂದು ಕೂಗಿದರು. ಬಾಗಿಲು ತೆಗೆಯಲಿಲ್ಲ. ಏಟೂ ನಿಲ್ಲಲಿಲ್ಲ. ಆಗ ಮುಂದಿದ್ದವಳು ಹಾಲಿನ ಕ್ಯಾನನ್ನು ಅವನ ಹೊಸ್ತಿಲ ಮುಂದೆ ಇಟ್ಟಳು. ಎಲ್ಲರೂ ಇಟ್ಟರು. ಹನ್ನೆರಡು ಕ್ಯಾನು. ಇಟ್ಟು ಅಲ್ಲೇ ಕೂತರು.

ಡೈರಿಯಲ್ಲಿ ಹಾಲಿನ ವ್ಯಾನು ಬಂದು ಹಾರನ್ನು ಹೊಡೆಯಿತು. ಕೆಳಗಿನ ಬೀದಿಯಿಂದ ಒಂದು ಲೀಟರೂ ಬಂದಿಲ್ಲ. ಹೆಂಗಸಿನ ಕೂಗಿಗೆ ಓಡಿಬಾರದ ಗಂಡಸರೆಲ್ಲ ಹಾಲಿಗೆ ಓಡಿಬಂದರು. ಬೋರಯ್ಯನವರೂ ಬಂದರು. ಬಾಗಿಲ ಮುಂದೆ ಇಡೀ ಊರು ನಿಂತಿತು. ಹನ್ನೆರಡು ವರ್ಷ ಒಲೆಯ ಮುಂದೆ ಬಾಯಿ ಮುಚ್ಚಿ ಕೂತಿದ್ದ ಅವಳ ಅತ್ತೆ ಆಗ ಎದ್ದಳು. ಮಗನಿಗೆ, "ಆಲು ಕೆಟ್ಟೋಯ್ತದೆ, ಬುಡ್ಲಾ" ಎಂದಳಂತೆ. ಅಷ್ಟು ಹೇಳಿ ತಾನೇ ಚಿಲಕ ತೆಗೆದಳು.

ಅವಳು ಬದುಕಿದ್ದಾಳೆ. ಎಡಗೈ ಎರಡು ಕಡೆ ಮುರಿದಿದೆ. ಗಂಡ ಹೊಲದ ಗುಡಿಸಲಿನಲ್ಲಿದ್ದಾನೆ, ಅತ್ತೆ ಒಳಗೆ ಸೇರಿಸಿಲ್ಲ. ಬೇರೆ ಕೊಪ್ಪಲುಗಳ ಇಪ್ಪತ್ತೆಂಟು ಹೆಂಗಸರು ಹೆಸರು ಹೊಡೆದುಹಾಕಿ ಎಂದು ಹೇಳಿಕಳಿಸಿದ್ದಾರೆ. ನಾನು ಬೀದಿಗೆ ಹೋದರೆ ಬಾಗಿಲುಗಳು ಮುಚ್ಚುತ್ತವೆ. ನಾನು ಅವರ ಹೆಸರು ಮಾರಿಕೊಂಡು ಸಂಬಳ ತಿಂದವಳೆಂದು ಎಲ್ಲರೂ ನಂಬಿದ್ದಾರೆ. ಹಾಲು ಮುಟ್ಟಿ ಆಣೆ ಮಾಡಿ ತಪ್ಪಿದವಳು ನಾನು, ಅವರನ್ನು ಹೇಗೆ ದೂರಲಿ? ನಿಮ್ಮನ್ನು ದೂರುತ್ತೇನೆ. ಡ್ರಾಯರಿಗೆ ಬೀಗವಿದೆ ಎಂದಿದ್ದಿರಿ.

ದಿಲ್ಷಾದ್


ಬೆಂಗಳೂರು
6 ನವೆಂಬರ್ 1996

ದಿಲ್ಷಾದ್ ಅವರೇ,

ನಿಮ್ಮ ಕಾಗದ ಓದಿ ಎರಡು ದಿನ ಆಫೀಸಿಗೆ ಹೋಗಲಿಲ್ಲ. ಇದನ್ನು ಮನೆಯಿಂದ ಬರೆಯುತ್ತಿದ್ದೇನೆ.

ಡ್ರಾಯರಿನ ಬೀಗ ನಾನೇ ತೆಗೆದೆ. ಧನ್ಯವಾದದ ಕಾಗದ ಕಳಿಸಬೇಕು, ವಿಳಾಸ ಕೊಡಿ ಎಂದು ಡೈರೆಕ್ಟರರು ಕೇಳಿದರು. ಮಂಜೂರಾತಿ ಕೊಡಿಸಿದವರು, ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ಕವರಿನಲ್ಲಿ ಕಳಿಸಿ ಎಂದೊಂದು ಮಾತು ಹೇಳಿದ್ದರೆ ಸಾಕಿತ್ತು. ಜುಲೈನಲ್ಲೇ ನೀವು ಬರೆದಿದ್ದಿರಿ. ನಾನು ಅದನ್ನು ಓದಿ ನಕ್ಕು ಫೈಲಿಗೆ ಸೇರಿಸಿದ್ದೆ. ಪಟ್ಟಿಯನ್ನು ಮೊನ್ನೆ ಸುಟ್ಟೆ, ಸುಟ್ಟು ಈಗೇನು ಪ್ರಯೋಜನ?

ನಾನು ಹಳ್ಳಿ ಕಂಡವನಲ್ಲ ಎಂದು ಬರೆದಿದ್ದಿರಿ. ಪಾಂಡವಪುರದಿಂದ ನಾಲ್ಕು ಮೈಲಿಯ ಊರು ನನ್ನದು. ನಮ್ಮ ಮನೆಯಲ್ಲಿ ಮುಸ್ಸಂಜೆಗೇ ಚಿಲಕ ಬೀಳುತ್ತಿತ್ತು. ನಮ್ಮಪ್ಪ ಸ್ಕೂಲು ಮೇಷ್ಟರು, ಊರಿಗೆಲ್ಲ ಬುದ್ಧಿ ಹೇಳುವವರು, ಆದ್ದರಿಂದ ಸದ್ದು ಹೊರಗೆ ಹೋಗಬಾರದು. ಪಕ್ಕದ ಮನೆಯ ಯಶೋದಮ್ಮ ಬಂದು ಬಾಗಿಲು ತಟ್ಟುತ್ತಿದ್ದರು. ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದರು. ನನಗಾಗ ಹದಿನಾಲ್ಕು ವರ್ಷ, ಪುಸ್ತಕ ಹಿಡಿದು ಬಾಗಿಲ ಪಕ್ಕದಲ್ಲೇ ಕೂತಿರುತ್ತಿದ್ದೆ. ಆ ಚಿಲಕ ನನ್ನ ಕೈಗೆ ಎಟಕುತ್ತಿತ್ತು. ಒಂದು ದಿನವೂ ತೆಗೆಯಲಿಲ್ಲ. ಅವ್ವ ತೀರಿಹೋಗಿ ಹದಿನಾರು ವರ್ಷವಾಯಿತು.

ನಿಮ್ಮನ್ನು ಆ ಪ್ರಶ್ನೆ ಕೇಳಿದ್ದು ಉತ್ತರ ಬೇಕಿದ್ದರಿಂದ. ಆ ಅತ್ತೆ ತೆಗೆದಳೆಂದು ಓದಿದಾಗ ನನಗೆ ಅಳು ಬಂತು, ನಾಚಿಕೆಯೂ ಆಯಿತು. ನಾನೀಗ ಏನು ಮಾಡಲಿ? ಆಕೆಯನ್ನು ಕೇಳಿ ಬರೆಯಿರಿ.

ರಘುನಂದನ್


ಕಲ್ಲುಕಟ್ಟೆಕೊಪ್ಪಲು
13 ನವೆಂಬರ್ 1996

ಸಾರ್,

ಚಿಲಕದ ಬಗ್ಗೆ ನಾನು ಬರೆದ ಮಾತಿಗೆ ಕ್ಷಮಿಸಿ. ನೀವು ಈಗ ಬರೆದದ್ದನ್ನು ಮಾತ್ರ ಆಗಲೇ ಹೇಳಬೇಕಿತ್ತು.

ಒಂಬತ್ತನೇ ನಂಬರಿನವಳನ್ನು ಕೇಳಿದೆ. ಅವಳೊಬ್ಬಳೇ ಬಾಗಿಲು ಮುಚ್ಚಲಿಲ್ಲ, ಬಾ ಎಂದೂ ಕರೆಯಲಿಲ್ಲ. ಜಗಲಿಯಲ್ಲೇ ನಿಲ್ಲಿಸಿ ಕೇಳಿಸಿಕೊಂಡಳು. ಕೊನೆಗೆ, "ಆ ಕಾರ್ಡ ಎಲ್ ಓದುದ್ರೋ ಅಲ್ಲೇ ಬಂದು, ಬರ್ದೋನು ಬಾಯ್ ಬುಟ್ಟು ಏಳ್ಲಿ" ಎಂದಳು. ಅಷ್ಟೇ. ಬೆಳಗಿನ ಹಾಲಿನ ಹೊತ್ತಿಗೆ, ಡೈರಿಯ ಮುಂದೆ, ಊರಿನವರೆಲ್ಲ ಇರುವಾಗ. ಹಣ ಕೊಡಿಸುತ್ತಾರೆ, ಬೇಕೇ ಎಂದು ಕೇಳಿದೆ. ಮುಖ ತಿರುಗಿಸಿಕೊಂಡಳು.

ಬೇಗ ಬಂದರೆ ಒಳ್ಳೆಯದು. ಇಲ್ಲಿ ಚಳಿ ಶುರುವಾಗಿದೆ. ನನ್ನ ಕೋಣೆಯ ಕಿಟಕಿ ಗಾಜು ಒಡೆದಿದೆ, ರಟ್ಟು ಅಂಟಿಸಿದ್ದೇನೆ.

ದಿಲ್ಷಾದ್


ನೆರಳು ಪ್ರತಿಷ್ಠಾನ, ಬೆಂಗಳೂರು
22 ನವೆಂಬರ್ 1996

ಕುಮಾರಿ ದಿಲ್ಷಾದ್ ಅವರಿಗೆ,

ತಮ್ಮ ದಿನಾಂಕ 13ರ ಪತ್ರ ಡೈರೆಕ್ಟರರ ಅವಗಾಹನೆಗೆ ಬಂದಿದೆ. ಪ್ರತಿಷ್ಠಾನದ ಯಾವುದೇ ಸಿಬ್ಬಂದಿ ಸದರಿ ಗ್ರಾಮಕ್ಕೆ ಭೇಟಿ ನೀಡುವುದಾಗಲಿ, ಹೇಳಿಕೆ ಕೊಡುವುದಾಗಲಿ ಕೂಡದೆಂದು ತೀರ್ಮಾನಿಸಲಾಗಿದೆ. ಕಿಟಕಿ ದುರಸ್ತಿಯ ಬಿಲ್ಲನ್ನು ಸಾದಿಲ್ವಾರು ವೆಚ್ಚದಲ್ಲಿ ಕಳಿಸಬಹುದು.

ರಘುನಂದನ್

(ಮೇಲಿನದು ಟೈಪು ಮಾಡಿಸಿದ್ದು. ಇನ್ನು ಮುಂದೆ ನನ್ನ ಕೈಬರಹ. ಡಿಸೆಂಬರ್ ಒಂದು ಭಾನುವಾರ, ರಜೆ. ಹಿಂದಿನ ದಿನವೇ ಬಂದು ಬೆಳ್ಳೂರು ಕ್ರಾಸಿನಲ್ಲಿ ಉಳಿಯುತ್ತೇನೆ. ಬೆಳಗಿನ ಹಾಲಿನ ಹೊತ್ತಿಗೆ ನನ್ನನ್ನು ಡೈರಿಗೆ ಮುಟ್ಟಿಸುವಂತೆ ನಿಮ್ಮ ಅಬ್ಬಾ ಅವರಿಗೆ ಹೇಳಿ.)


ಕಲ್ಲುಕಟ್ಟೆಕೊಪ್ಪಲು
18 ಡಿಸೆಂಬರ್ 1996

ರಘುನಂದನ್ ಸಾರ್ ಅವರಿಗೆ ದಿಲ್ಷಾದಳ ವಂದನೆಗಳು.

ಜನವರಿಯಿಂದ ಹಣ ನಿಲ್ಲಿಸಿರುವ ಕಾಗದ ನಿನ್ನೆ ಬಂತು. ನಿಮ್ಮ ಕೆಲಸವೂ ಹೋಯಿತೆಂದು ಅದರಲ್ಲೇ ತಿಳಿಯಿತು. ಅದಕ್ಕೇ ಇದನ್ನು ನಿಮ್ಮ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಇದೇ ನನ್ನ ಕೊನೆಯ ವರದಿ ಎಂದು ತಿಳಿಯಿರಿ.

ಅಂದು ನೀವು ಡೈರಿಯ ಮುಂದೆ ನಿಂತು, ಕಾರ್ಡು ಹೋದದ್ದು ನನ್ನಿಂದ, ಈ ಹೆಣ್ಣುಮಗಳನ್ನು ಬೆದರಿಸಿ ಪಟ್ಟಿ ತರಿಸಿಕೊಂಡವನೂ ನಾನೇ ಎಂದಿರಿ. ಪಟ್ಟಿ ಬರೆದ ಕೈ ನನ್ನದು ಎಂದು ನಾನೂ ಹೇಳಿದೆ. ಹೆಂಗಸರು ಹಾಲು ಅಳೆಸಿಕೊಂಡು ಮನೆಗೆ ಹೊರಟರು. ಬೋರಯ್ಯನವರು ಲೋಟ ತೊಳೆಯುತ್ತಲೇ ಇದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತೆಂದು ನೀವು ಬಸ್ಸು ಹತ್ತಿದಿರಿ. ನನಗೂ ಹಾಗೇ ಅನಿಸಿತ್ತು.

ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಕಿಟಕಿ ತಾನಾಗಿ ಒಡೆದದ್ದಲ್ಲ. ಅಕ್ಟೋಬರಿನಿಂದಲೂ ಒಂಬತ್ತನೇ ನಂಬರಿನವಳ ಗಂಡ ವಾರಕ್ಕೆ ಎರಡು ಮೂರು ಸಂಜೆ ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಮನೆ ಮುರಿದವಳೇ, ಊರು ಬಿಡು ಎಂದು ಬಾರುಕೋಲಿನಿಂದ ಬಾಗಿಲಿಗೆ ಹೊಡೆಯುತ್ತಿದ್ದ. ಅಬ್ಬಾಗೆ ಹೇಳಿದರೆ ಅಂದೇ ಸಾಮಾನು ಕಟ್ಟಿಸುತ್ತಿದ್ದರು. ನಿಮಗೆ ಹೇಳಿದರೆ ನೀವು ನನ್ನನ್ನು ವಾಪಸು ಕರೆಸುತ್ತಿದ್ದಿರಿ. ನಾನು ಮುಸ್ಸಂಜೆಗೇ ಚಿಲಕ ಹಾಕಿಕೊಳ್ಳುವುದನ್ನು ಕಲಿತೆ. ಮುಸ್ಸಂಜೆಗೆ ಇಲ್ಲಿ ಯಾರೂ ಚಿಲಕ ಹಾಕುವುದಿಲ್ಲ ಎಂದು ನಿಮಗೆ ಪಾಠ ಹೇಳಿದವಳು ನಾನೇ.

ಮೊನ್ನೆ ಸೋಮವಾರ ಅವನು ಕುಡಿದು ಬಂದ. ಬಾಗಿಲು ಒದ್ದ. ಮೇಲಿನ ತಿರುಗಣಿ ಕಿತ್ತು ಬಂತು. ನಾನು ಒಳಗೆ ಟ್ರಂಕು ಅಡ್ಡ ಇಟ್ಟು, ಅದರ ಮೇಲೆ ಕೂತಿದ್ದೆ. ಇವತ್ತು ಮುಗಿಯಿತು ಅಂದುಕೊಂಡೆ.

ಆಗ ಹೊರಗೆ ಒಂದು ದನಿ ಕೇಳಿತು. "ಸರ್ವೆ ಮೇಡಮ್ಮಾ, ಒಸಿ ಎಪ್ಪು ಇದ್ರೆ ಕೊಡಿ."

ಅದು ಅವಳ ದನಿ. ಅದರ ಹಿಂದೆ ಇನ್ನೊಂದು, ಇನ್ನೊಂದು. ಅವನು ಒದೆಯುವುದನ್ನು ನಿಲ್ಲಿಸಿದ. ಆಮೇಲೆ ಟ್ರಂಕು ಸರಿಸಿ ಚಿಲಕ ತೆಗೆದೆ. ಕೆಳಗಿನ ಬೀದಿಯ ಹದಿಮೂರು ಜನರೂ ಇದ್ದರು, ಎಲ್ಲರ ಕೈಯಲ್ಲೂ ಬಟ್ಟಲು. ಅವಳ ಎಡಗೈ ಇನ್ನೂ ನೆಟ್ಟಗಾಗಿಲ್ಲ, ಬಲಗೈಯಲ್ಲಿ ಹಿಡಿದಿದ್ದಳು. ಅವರ ಹಿಂದೆ, ಲೆಕ್ಕಕ್ಕೆ ಹೊರಗೆ, ಅವನ ತಾಯಿ. ಆ ಮುದುಕಿಯೂ ಬಟ್ಟಲು ತಂದಿದ್ದಳು. ಅವನು ತಾಯಿಯನ್ನು ನೋಡಿದ, ಬಟ್ಟಲನ್ನು ನೋಡಿದ, ತಲೆ ತಗ್ಗಿಸಿ ಹೊಲದ ಕಡೆಗೆ ಹೋದ.

ಅವನು ಹೋದ ಮೇಲೂ ಅವರು ಕದಲಲಿಲ್ಲ. ನಾನು ಅಳುತ್ತಾ, ನನ್ನ ಮನೆಯಲ್ಲಿ ಹೆಪ್ಪಿಲ್ಲ, ಹಾಲನ್ನೇ ಕೊಳ್ಳುವುದಿಲ್ಲ, ಕರಿ ಟೀ ಕುಡಿಯುವವಳು ಎಂದೆ. ಒಂಬತ್ತನೇ ನಂಬರಿನವಳು ಒಳಗೆ ಬಗ್ಗಿ ನೋಡಿ, "ಇಂಗಾದ್ರೆ ಎಂಗೆ? ನಾಳೆ ನಾವ್ ಬಂದ್ರೆ ಏನ್ ಕೊಟ್ಟೀರಿ?" ಎಂದು ಗದರಿದಳು.

ಹಣ ನಿಂತರೂ ನಾನು ಇಲ್ಲೇ ಇದ್ದೇನೆ. ಹೊಣಕೆರೆಯಲ್ಲಿ ಹೊಲಿಗೆ ಹೇಳಿಕೊಡುವ ಕೆಲಸ ಸಿಕ್ಕಿದೆ. ಬೋರಯ್ಯನವರಿಗೆ ಹೇಳಿ ದಿನಕ್ಕೆ ಅರ್ಧ ಲೀಟರು ಹಾಲು ಗೊತ್ತುಮಾಡಿದ್ದೇನೆ. ಮೊದಲ ಹೆಪ್ಪನ್ನು ನಿನ್ನೆ ಬೆಳಿಗ್ಗೆ ಅವಳೇ ತಂದು ಹಾಕಿದಳು. ಇವತ್ತು ನನ್ನ ಮನೆಯಲ್ಲಿ ಮೊಸರಿದೆ.

ದಿಲ್ಷಾದ್